ಅಪ್ಪನಾಗುವುದಕ್ಕೆ ಯಾರ ಅಪ್ಪಣೆ?

ರಾಣೆಬೆನ್ನೂರು ಕಡೆಯ ನಿವೃತ್ತ ಶಿಕ್ಷಕರೊಬ್ಬರು ಬರೆದಿದ್ದಾರೆ: ‘ನನ್ನ ಸೋದರಳಿಯನಿಗೆ ಎಂಟು ವರ್ಷದಿಂದ ಎಚ್‌ಐವಿ. ಮಾತ್ರೆ ತಪ್ಪಿಸುವುದಿಲ್ಲ, ಗಟ್ಟಿಮುಟ್ಟಾಗಿದ್ದಾನೆ. ವಿಷಯ ತಿಳಿದೇ ಮದುವೆಯಾದ ಹೆಂಡತಿಗೆ ಸೋಂಕಿಲ್ಲ. ಈಗ ತನ್ನದೇ ಮಗು ಬೇಕೆನ್ನುತ್ತಾನೆ. ಇದು ಸ್ವಾರ್ಥವಲ್ಲವೇ? ದತ್ತು ತೆಗೆದುಕೊಳ್ಳುವಂತೆ ನೀವಾದರೂ ಬುದ್ಧಿ ಹೇಳಿ.’

ಮೇಷ್ಟ್ರೇ, ನಿಮ್ಮ ಅಕ್ಷರ ಮುತ್ತು ಪೋಣಿಸಿದಂತಿದೆ. ಆತಂಕವೂ ಸುಳ್ಳಲ್ಲ, ಹೆಂಡತಿಯ ಆರೋಗ್ಯವನ್ನು ಪಣಕ್ಕಿಡುವ ಹಕ್ಕು ಯಾವ ಗಂಡನಿಗೂ ಇಲ್ಲ. ಆದರೆ ಎರಡು ಪುಟಗಳ ಪತ್ರದಲ್ಲಿ ಆ ಹೆಣ್ಣುಮಗಳು ಏನನ್ನುತ್ತಾಳೆ ಎಂಬುದಕ್ಕೆ ಒಂದು ಸಾಲೂ ಇಲ್ಲವಲ್ಲ! ಅವಳಿಗೂ ಮಗು ಬೇಕಿದ್ದರೆ ಸ್ವಾರ್ಥ ಯಾರದ್ದಾಯಿತು?

ಮದುವೆಯಾಗಿ ಆರು ತಿಂಗಳಾಗುವಷ್ಟರಲ್ಲಿ ‘ಏನೂ ವಿಶೇಷವಿಲ್ಲವೇ?’ ಎಂದು ಕೇಳುವವರು ನಾವು. ‘ಅಪುತ್ರಸ್ಯ ಗತಿರ್ನಾಸ್ತಿ’ ಎಂದು ಹೆದರಿಸುವವರೂ ನಾವೇ. ಅದೇ ಆಸೆಯನ್ನು ಸೋಂಕಿತನೊಬ್ಬ ಬಾಯಿಬಿಟ್ಟು ಹೇಳಿದರೆ ಮಾತ್ರ ಅದು ದುರಾಸೆಯಾಗುತ್ತದೆ.

ವೈದ್ಯರು ಹೇಳುವುದು ಬೇರೆ. ಎಚ್‌ಐವಿ ತಂದೆಯಿಂದ ನೇರವಾಗಿ ಮಗುವಿಗೆ ಬರುವುದಿಲ್ಲ. ತಾಯಿಗೆ ಸೋಂಕಿದ್ದರೆ ಗರ್ಭದಲ್ಲಿ, ಹೆರಿಗೆಯಲ್ಲಿ, ಎದೆಹಾಲಿನಲ್ಲಿ ದಾಟಬಹುದು, ಅದನ್ನು ತಡೆಯಲೂ ಔಷಧಿಯಿದೆ. ಮಾತ್ರೆಯಿಂದ ಗಂಡನ ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದು ಹಾಗೆಯೇ ಉಳಿದರೆ ಕೂಡುವಿಕೆಯಿಂದ ಹೆಂಡತಿಗೆ ಅಂಟುವುದಿಲ್ಲ. ಯುರೋಪಿನ 14 ದೇಶಗಳಲ್ಲಿ ನಡೆದ, 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಒಬ್ಬರಿಗೆ ಮಾತ್ರ ಸೋಂಕಿದ್ದ 888 ಜೋಡಿಗಳಿದ್ದವು. ಕಾಂಡೋಮ್ ಇಲ್ಲದೆ ಅವರು ಕೂಡಿದ್ದು ಸುಮಾರು 58,000 ಸಲ. ಚಿಕಿತ್ಸೆಯಲ್ಲಿದ್ದ ಸಂಗಾತಿಯಿಂದ ದಾಟಿದ ಸೋಂಕು ಸೊನ್ನೆ. ಹನ್ನೊಂದು ಮಂದಿಗೆ ಸೋಂಕು ತಗುಲಿದ್ದು ನಿಜ. ಆದರೆ ವೈರಸ್ಸಿನ ವಂಶಾವಳಿ ಜಾಲಾಡಿದಾಗ ಒಂದೂ ಸಂಗಾತಿಯದಾಗಿರಲಿಲ್ಲ. (ಮತ್ತೆಲ್ಲಿಂದ ಬಂತು ಎಂದು ಕೇಳಬೇಡಿ, ಅದು ಬೇರೆ ಪತ್ರಕ್ಕೆ ವಿಷಯ.)

ಇನ್ನು ದತ್ತು. ನಮ್ಮ ದತ್ತು ನಿಯಮಗಳು ಪೋಷಕರಾಗುವವರಿಗೆ ಪ್ರಾಣಾಪಾಯದ ಕಾಯಿಲೆ ಇರಬಾರದು ಎನ್ನುತ್ತವೆ. ಆ ಸಾಲನ್ನು ಓದುವ ಅಧಿಕಾರಿ ನಿಮ್ಮಂತೆಯೇ ಯೋಚಿಸುವವರಾದರೆ ನಿಮ್ಮ ಸೋದರಳಿಯ ಎಲ್ಲಿಗೆ ಹೋಗಬೇಕು?

1986ರಲ್ಲಿ ಚೆನ್ನೈಯಲ್ಲಿ ದೇಶದ ಮೊದಲ ಸೋಂಕುಗಳನ್ನು ಪತ್ತೆಹಚ್ಚಿದ ಸುನೀತಿ ಸಾಲೊಮನ್ ಮುಂದೆ ಸೋಂಕಿತರಿಗೆ ಗಂಡು–ಹೆಣ್ಣು ಹುಡುಕಿಕೊಡುವ ಕೆಲಸವನ್ನೂ ಮಾಡಿದರು. ಓದು, ಸಂಬಳದ ಜೊತೆಗೆ ರಕ್ತ ಪರೀಕ್ಷೆಯ ಎಣಿಕೆಗಳನ್ನೂ ತಾಳೆ ನೋಡುತ್ತಿದ್ದರಂತೆ. ರೋಗವನ್ನು ಎಲ್ಲರಿಗಿಂತ ಮೊದಲು ಕಂಡ ವೈದ್ಯೆಗೆ ಸಂಸಾರದ ಆಸೆಯೂ ಕಂಡಿತ್ತು.

ನಮಗೆ ಕಾಣಲಿಲ್ಲ. ತೊಂಬತ್ತರ ದಶಕದಲ್ಲಿ ಬಸ್ ನಿಲ್ದಾಣದ ಗೋಡೆಗಳಿಗೆ ತಲೆಬುರುಡೆ ಬರೆಸಿದವರು ಸರ್ಕಾರದವರು. ಅದನ್ನೇ ಮುಖಪುಟದಲ್ಲಿ ಅಚ್ಚು ಹಾಕಿದವರು ನಾವು. 1998ರಲ್ಲಿ ಸುಪ್ರೀಂ ಕೋರ್ಟ್, ರೋಗ ವಾಸಿಯಾಗುವವರೆಗೆ ಸೋಂಕಿತರ ಮದುವೆಯ ಹಕ್ಕು ಅಮಾನತಿನಲ್ಲಿದೆ ಎಂಬರ್ಥದ ಮಾತು ಹೇಳಿತು. ಆ ಮಾತು ಅನಗತ್ಯವಾಗಿತ್ತೆಂದು 2002ರಲ್ಲಿ ಅದೇ ನ್ಯಾಯಾಲಯ ಒಪ್ಪಿತು. ನಮ್ಮ ಪತ್ರಿಕೆಯಲ್ಲಿ ಮೊದಲನೆಯದು ದಪ್ಪಕ್ಷರದಲ್ಲಿ ಬಂದಿತ್ತು. ಎರಡನೆಯದನ್ನು ಮೊನ್ನೆ ಹಳೆಯ ಸಂಚಿಕೆಗಳಲ್ಲಿ ಹುಡುಕಿದೆ, ಸಿಗಲಿಲ್ಲ.

ಆಗ ನಮ್ಮ ಮುದ್ರಣಾಲಯದಲ್ಲಿ ಮೊಳೆ ಜೋಡಿಸುವವನೊಬ್ಬನಿದ್ದ. ನಾಮಕರಣದ ಕಾರ್ಡು ಬಂದರೆ ಬೇರೆಯವರಿಗೆ ಕೊಡುತ್ತಿರಲಿಲ್ಲ. ಚೆನ್ನಾಗಿ ಕಂಡ ಹೆಸರುಗಳನ್ನು ಬೀಡಿ ಕಟ್ಟಿನ ಕಾಗದದ ಮೇಲೆ ಬರೆದಿಟ್ಟುಕೊಳ್ಳುತ್ತಿದ್ದ. ‘ನಿನಗೇಕಯ್ಯಾ ಇವೆಲ್ಲ?’ ಎಂದು ನಕ್ಕವರಲ್ಲಿ ನಾನೂ ಒಬ್ಬ; ಅವನಿಗೆ ಏನಾಗಿದೆ ಎಂದು ನಮಗೆಲ್ಲ ಗೊತ್ತಿತ್ತು. 2003ರಲ್ಲಿ ತೀರಿಕೊಂಡ. ಸರ್ಕಾರ ಉಚಿತ ಔಷಧಿ ಕೊಡಲು ಶುರುಮಾಡಿದ್ದು 2004ರ ಏಪ್ರಿಲ್‌ನಲ್ಲಿ.

ಆಮೇಲೆ ಔಷಧಿ ಬದಲಾಯಿತು, 2017ರಲ್ಲಿ ಸೋಂಕಿತರನ್ನು ತಾರತಮ್ಯದಿಂದ ಕಾಯುವ ಕಾಯಿದೆಯೂ ಬಂತು. ಬದಲಾಗದೇ ಉಳಿದದ್ದು ನಮ್ಮ ‘ಮಾರಕ ರೋಗ’, ‘ಮಹಾಮಾರಿ’ಗಳು. ಯಾವ ರಾಶಿಗೆ ಧನಲಾಭ ಎಂದು ವಾರವಾರವೂ ತಪ್ಪದೆ ಬರೆಯುತ್ತೇವೆ. ಹೆದರಿಸಿದವರೇ ಹಿಂತಿರುಗಿ ಬಂದು ‘ಇನ್ನು ಅಷ್ಟು ಹೆದರಬೇಡಿ’ ಎನ್ನಬೇಕೆಂಬ ಮರ್ಯಾದೆ ಮಾತ್ರ ಕನ್ನಡ ಪತ್ರಿಕೆಗಳಿಗೆ ಇಲ್ಲ. ನೀವು ಮೂವತ್ತು ವರ್ಷ ಪಾಠ ಹೇಳಿದವರು. ನಿಮ್ಮಂಥವರಿಗೇ ಈ ಸುದ್ದಿ ಮುಟ್ಟಿಲ್ಲವೆಂದರೆ ಬೆತ್ತದ ಏಟು ನಮಗೇ ಬೀಳಬೇಕು.

ರಕ್ತದಲ್ಲಿ ವೈರಸ್ ಎಷ್ಟಿದೆ ಎಂದು ತಿಳಿಸುವ ವೈರಲ್ ಲೋಡ್ ವರದಿಯೊಂದಿಗೆ ದಂಪತಿ, ಎಚ್‌ಐವಿಗೆ ಔಷಧಿ ಕೊಡುವ ಎಆರ್‌ಟಿ ಕೇಂದ್ರದ ವೈದ್ಯರನ್ನು ಒಟ್ಟಿಗೆ ಕಾಣಲಿ, ಆಕೆಯೂ ಪರೀಕ್ಷೆ ಮಾಡಿಸಿಕೊಳ್ಳಲಿ. ನೀವು ಜೊತೆಗೆ ಹೋಗಿ, ಆದರೆ ಹೊರಗಿನ ಬೆಂಚಿನ ಮೇಲೆ ಕುಳಿತಿರಿ.

ಈ ಉತ್ತರಕ್ಕೆ ಜಾಗ ಸಾಲದೆ ವಾರಭವಿಷ್ಯದಿಂದ ನಾಲ್ಕು ರಾಶಿಗಳನ್ನು ಕೈಬಿಟ್ಟಿದ್ದೇನೆ. ಆ ರಾಶಿಯವರು ಕ್ಷಮಿಸಬೇಕು.

– ಸಂ.