ಕೊನೆ ಒಂದೇ ಆದರೆ ಕಥೆ ನಕಲೇ?

ಪ್ರಶ್ನೆ: ಮಾನ್ಯರೇ, ಈ ಬೇಸಿಗೆಯಲ್ಲಿ ನಾನೂ ನನ್ನ ತಮ್ಮನೂ ‘ದಿ ಸಿಕ್ಸ್ತ್ ಸೆನ್ಸ್’ ಮತ್ತು ‘ದಿ ಅದರ್ಸ್’ ಎಂಬ ಎರಡು ಇಂಗ್ಲಿಷ್ ದೆವ್ವದ ಚಿತ್ರಗಳನ್ನು ನೋಡಿದೆವು. ಬದುಕಿದ್ದಾರೆಂದು ನಾವು ನಂಬಿದವರೇ ಸತ್ತವರೆಂಬುದು ಎರಡರಲ್ಲಿಯೂ ಕೊನೆಗೆ ತಿಳಿಯುತ್ತದೆ. ಎರಡನೆಯದು ನಕಲೆಂದು ತಮ್ಮ ವಾದಿಸುತ್ತಾನೆ. ನನಗೆ ಹಾಗೆನಿಸುವುದಿಲ್ಲ, ಆದರೆ ಕಾರಣ ಹೇಳಲಾಗುತ್ತಿಲ್ಲ. ದಯವಿಟ್ಟು ವಿವರಿಸಿ.
— ಓದುಗರೊಬ್ಬರು, ಬ್ರಹ್ಮಪುರ, ಕಲಬುರಗಿ

ಉತ್ತರ: ಈ ಚಿತ್ರಗಳನ್ನು ಇನ್ನೂ ನೋಡದವರು ನೋಡಿದ ಬಳಿಕವೇ ಮುಂದೆ ಓದಬೇಕೆಂದು ಕೋರುತ್ತೇನೆ.

ನಿಮ್ಮ ತಮ್ಮ ಗುರುತಿಸಿದ ಹೋಲಿಕೆ ನಿಜವಾದದ್ದೇ. ಒಂದು 1999ರ ಚಿತ್ರ, ಇನ್ನೊಂದು 2001ರದು. ಆದ್ದರಿಂದ ಅನುಮಾನ ಸಹಜ. ಆದರೆ ಈ ತಿರುವು ಎರಡಕ್ಕಿಂತಲೂ ಹಳೆಯದು. 1962ರ ‘ಕಾರ್ನಿವಲ್ ಆಫ್ ಸೋಲ್ಸ್’ ಚಿತ್ರದಲ್ಲಿ, ಸೇತುವೆಯಿಂದ ಕಾರು ನದಿಗೆ ಬಿದ್ದ ಮೇಲೆ ದಡಕ್ಕೆ ಬಂದ ಯುವತಿಯನ್ನು ನಾವು ಕೊನೆಯವರೆಗೂ ಹಿಂಬಾಲಿಸುತ್ತೇವೆ. ಕಾರನ್ನು ಮೇಲೆತ್ತಿದಾಗ ಆಕೆಯ ಶವ ಅದರೊಳಗೇ ಇರುತ್ತದೆ.

ನನ್ನ ದೃಷ್ಟಿಯಲ್ಲಿ ಕೇಳಬೇಕಾದದ್ದು, ಭಯ ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು. ‘ದಿ ಸಿಕ್ಸ್ತ್ ಸೆನ್ಸ್’ ಚಿತ್ರದ ಮನೋವೈದ್ಯ ಬದುಕಿರುವವರ ನಡುವೆ ಓಡಾಡುತ್ತಾನೆ. ಹೆಂಡತಿ ಮಾತನಾಡುವುದಿಲ್ಲ, ಉತ್ತರ ಕೊಡುವವನು ಅವನು ನೆರವಾಗಲು ಬಂದ ಹುಡುಗನೊಬ್ಬನೇ. ಅಲ್ಲಿ ನಮ್ಮನ್ನು ಹೆದರಿಸುವುದು ಹುಡುಗನಿಗೆ ಕಾಣುವ ಬೇರೆ ಸತ್ತವರು. ವೈದ್ಯನ ಸಾವು ತಿಳಿದಾಗ ನಮಗಾಗುವುದು ಹೆದರಿಕೆಯಲ್ಲ, ಸಂಕಟ. ‘ದಿ ಅದರ್ಸ್’ ಚಿತ್ರದಲ್ಲಿ ಹೆದರಿಸುವವರೇ ಬದುಕಿರುವವರು. ಬೆಳಕು ತಾಗಬಾರದ ಮಕ್ಕಳಿಗಾಗಿ ತಾಯಿ ಸದಾ ಮುಚ್ಚಿಡುವ ಪರದೆಗಳು ಇದ್ದಕ್ಕಿದ್ದಂತೆ ಮಾಯವಾಗುವುದು, ಬೀಗ ಹಾಕಿದ ಕೋಣೆಯಲ್ಲಿ ಪಿಯಾನೊ ನುಡಿಯುವುದು, ಇವೆಲ್ಲ ಆ ಮನೆಗೆ ಹೊಸದಾಗಿ ಬಂದ ಸಂಸಾರದಿಂದಾಗುತ್ತವೆ. ಸತ್ತವರನ್ನು ಕರೆಯುವ ಕೂಟವನ್ನು ಸತ್ತವರ ಕಡೆಯಿಂದ ತೋರಿಸುವ ಆ ದೃಶ್ಯ ನನಗೆ ಇಂದಿಗೂ ಅಪೂರ್ವವೆನಿಸುತ್ತದೆ. ಸತ್ಯ ತಿಳಿದ ಮೇಲೆ ವೈದ್ಯ ಹೆಂಡತಿಯನ್ನು ಬೀಳ್ಕೊಟ್ಟು ಹೊರಡುತ್ತಾನೆ. ಈ ತಾಯಿ ಮಾತ್ರ ಮಕ್ಕಳನ್ನು ಅಪ್ಪಿಕೊಂಡು, ಮನೆ ತಮ್ಮದೆಂದು ಅಲ್ಲಿಯೇ ಉಳಿಯುತ್ತಾಳೆ.

ನಿಮ್ಮ ಊರಿನ ಕೋಟೆಯ ಜಾಮಿ ಮಸೀದಿಯಲ್ಲಿಯೂ ಬೀದರಿನ ಮಹಮೂದ್ ಗವಾನ್ ಮದರಸಾದಲ್ಲಿಯೂ ಕಮಾನುಗಳಿವೆ. ಆದರೆ ಒಂದು ಅಂಗಳವಿಲ್ಲದೆ ಪೂರ್ತಿ ಚಾವಣಿ ಹೊದ್ದದ್ದು, ಇನ್ನೊಂದು ಅಂಗಳದ ಸುತ್ತಲೇ ಎದ್ದದ್ದು. ಕಮಾನುಗಳಿವೆಯೆಂದು ಒಂದನ್ನು ಇನ್ನೊಂದರ ನಕಲೆನ್ನುವುದಿಲ್ಲ. ಕಾನೂನು ಸಹ ಇಂಥ ಭೇದವನ್ನು ಒಪ್ಪುತ್ತದೆ: ಕೇವಲ ಕಲ್ಪನೆಗೆ ಅಥವಾ ಕಥಾವಸ್ತುವಿಗೆ ಹಕ್ಕುಸ್ವಾಮ್ಯವಿಲ್ಲ, ಅದನ್ನು ನಿರೂಪಿಸಿದ ರೀತಿಗೆ ಇದೆ ಎಂದು ನಮ್ಮ ಸುಪ್ರೀಂ ಕೋರ್ಟ್ 1978ರಲ್ಲಿ ಆರ್.ಜಿ. ಆನಂದ್ ಪ್ರಕರಣದಲ್ಲಿ ಹೇಳಿದೆ.

ತಮ್ಮನೊಂದಿಗೆ ‘ದಿ ಅದರ್ಸ್’ ಚಿತ್ರದ ಆರಂಭವನ್ನು ಮತ್ತೊಮ್ಮೆ ನೋಡಿ. ಮೂವರು ಕೆಲಸದವರು ಬಾಗಿಲಿಗೆ ಬಂದಾಗ, ಜಾಹೀರಾತು ನೋಡಿ ಬಂದರೆಂದು ತಾಯಿ ಭಾವಿಸುತ್ತಾಳೆ. ಆದರೆ ಆ ಜಾಹೀರಾತಿನ ಪತ್ರ ಅಂಚೆಗೇ ಹೋಗಿರುವುದಿಲ್ಲ.