15 ದಿನದ ಗಡುವು ಸರಿಯಾ ಅಂತ ಅಳೆಯೋದು ಹೇಗೆ?

ನಮಸ್ಕಾರ. ಕಲಬುರಗಿಯಲ್ಲಿ ಲೈಬ್ರರಿ ಸೈನ್ಸ್ ಪ್ರಾಜೆಕ್ಟ್ ಮಾಡುತ್ತಿದ್ದೀರಿ. ವಿಶ್ವವಿದ್ಯಾಲಯದ ಲೈಬ್ರರಿಯ ‘2 ಪುಸ್ತಕ, 15 ದಿನ’ ನಿಯಮ ಸರಿಯಾ ಅಂತ ಹೇಗೆ ಅಳೆಯೋದು ಎಂದು ಕೇಳಿದ್ದೀರಿ.

ಪ್ರಶ್ನಾವಳಿ ಹಂಚುವ ಮೊದಲು ಕೌಂಟರಿನ ಲೆಕ್ಕ ನೋಡ್ರಿ. ಲೈಬ್ರರಿಯಲ್ಲಿ ಕೊಹಾದಂಥ (ಪುಸ್ತಕ ಕೊಟ್ಟು-ತೆಗೆದುಕೊಂಡ ಲೆಕ್ಕ ಇಡುವ) ಸಾಫ್ಟ್‌ವೇರ್ ಇದ್ದರೆ ಇಶ್ಯೂ, ರಿನ್ಯೂವಲ್, ತಡವಾಗಿ ಬಂದದ್ದು ಎಲ್ಲ ಸಿಗುತ್ತದೆ. ಓದುಗರ ಹೆಸರು ತೆಗೆಸಿಯೇ ಪಡೆಯಿರಿ. ಒಟ್ಟು ಸರಾಸರಿ ಮಾತ್ರ ನಂಬಬೇಡಿ. ಎಕನಾಮಿಕ್ಸ್ ಪಠ್ಯಪುಸ್ತಕಕ್ಕೆ ಕ್ಯೂ ಇರುತ್ತದೆ, ಪಕ್ಕದ ಪುಸ್ತಕದ ಮೇಲೆ ಧೂಳು. ಎರಡಕ್ಕೂ ಒಂದೇ ಗಡುವು ಯಾಕೆ? ಇಂಗ್ಲೆಂಡಿನ ಲಂಕಾಸ್ಟರ್ ವಿಶ್ವವಿದ್ಯಾಲಯ 1969ರಲ್ಲೇ ಬೇಡಿಕೆ ಜಾಸ್ತಿ ಇರುವ ಪುಸ್ತಕಗಳ ಗಡುವನ್ನು ಒಂದು ವಾರಕ್ಕೆ ಇಳಿಸಿತು. ಹೊಸ ಪ್ರತಿ ಕೊಳ್ಳದೆಯೂ ಅದೇ ಪುಸ್ತಕ ಹೆಚ್ಚು ಜನರ ಕೈ ಸೇರುತ್ತದೆ, ಅಲ್ವಾ?

ಆದರೆ ಆಳಂದ, ಸೇಡಂ ಕಡೆಯಿಂದ ಬಸ್ಸಿಗೆ ಬರುವವರಿಗೆ ವಾರದ ಗಡುವೆಂದರೆ ಸುಮ್ನೆ ದಂಡ ಕಟ್ಟಿದಂತೆ. ಫೋನಿನಲ್ಲೇ ರಿನ್ಯೂ ಮಾಡಲು ಬರುತ್ತದಾ, ಅದನ್ನೂ ವಿಚಾರಿಸಿ.

ಕಾರ್ಡ್ ಇದ್ದೂ ಪುಸ್ತಕ ಒಯ್ಯದವರು ಯಾವ ರಿಪೋರ್ಟಿನಲ್ಲೂ ಕಾಣುವುದಿಲ್ಲ. ಅವರನ್ನು ರೀಡಿಂಗ್ ರೂಮಿನಲ್ಲೇ ಮಾತಾಡಿಸಿ. ಕೊನೆಗೆ, ಪರೀಕ್ಷೆ ಹತ್ತಿರವಿದ್ದಾಗ ಸಿಲಬಸ್ಸಿನ ಪುಸ್ತಕಗಳ ಪಟ್ಟಿ ಹಿಡಿದು ರ್‍ಯಾಕಿನ ಹತ್ತಿರ ಹೋಗಿ, ಸಿಕ್ಕಿದ್ದಕ್ಕೆ ಟಿಕ್ ಹಾಕಿ. ನನ್ನ ಮಟ್ಟಿಗೆ ಪ್ರಾಜೆಕ್ಟಿನ ಮುಖ್ಯ ಕೋಷ್ಟಕ ಅದೇ ಆಗಬೇಕು.