ಕಿಡ್ನಿ ಕೊಡುವವರನ್ನು ಹುಡುಕುವುದು ಹೇಗೆ? ಮನೆಯವರನ್ನು ಬಾಯಿಬಿಟ್ಟು ಕೇಳುವುದು ಹೇಗೆ?

ನಾಲ್ಕು ತಿಂಗಳಿಂದ ಡಯಾಲಿಸಿಸ್, ಫೇಸ್‌ಬುಕ್‌ನಲ್ಲಿ ಯಾರೋ ಅಡ್ವಾನ್ಸ್ ಕೊಟ್ಟರೆ ದಾನಿ ಕೊಡಿಸುತ್ತೇನೆ ಅಂತಿದ್ದಾನೆ, ಮನೆಯವರ ಹತ್ತಿರ ಕೇಳೋಕೆ ನಾಲಿಗೆ ಏಳುತ್ತಿಲ್ಲ ಅಂತ ಬರೆದಿದ್ದೀರಿ. ಮೊದಲು ಆ ಮನುಷ್ಯನನ್ನು ಬ್ಲಾಕ್ ಮಾಡಿ. ದುಡ್ಡು ತಗೊಂಡು ಮಾಯವಾಗುವ ಪೈಕಿ ಅವನು. ಅಕಸ್ಮಾತ್ ನಿಜವೇ ಆದರೂ ಕಿಡ್ನಿ ಮಾರುವುದೂ ಅಪರಾಧ, ಕೊಳ್ಳುವುದೂ ಅಪರಾಧ. 5ರಿಂದ 10 ವರ್ಷ ಜೈಲು, ಜೊತೆಗೆ 20 ಲಕ್ಷದಿಂದ ಒಂದು ಕೋಟಿವರೆಗೆ ದಂಡ.

ನಾನು 14 ತಿಂಗಳು ಡಯಾಲಿಸಿಸ್ ಮಾಡಿಸಿಕೊಂಡವಳು. ವಾರಕ್ಕೆ ಮೂರು ದಿನ, ನಾಲ್ಕು ನಾಲ್ಕು ಗಂಟೆ. ದಿನದ ನೀರನ್ನು ಬೆಳಿಗ್ಗೆಯೇ ಒಂದು ಬಾಟಲಿಗೆ ಅಳೆದು ಇಟ್ಟುಕೊಳ್ಳುತ್ತಿದ್ದೆ, ಮಧ್ಯಾಹ್ನದ ಹೊತ್ತಿಗೆ ಬಾಟಲಿಯನ್ನೇ ನೋಡುತ್ತಾ ಕೂರುತ್ತಿದ್ದೆ. ಇದೆಲ್ಲ ನಿಮಗೆ ಗೊತ್ತಿರುವುದೇ, ಬಿಡಿ.

ಕೇಳುವ ವಿಷಯದಲ್ಲಿ ನಾನು ಮಾಡಿದ ತಪ್ಪು ಹೇಳುತ್ತೇನೆ. ನನ್ನದು ಓ ಗುಂಪು. ಓ ಗುಂಪಿನವರು ಯಾವ ಗುಂಪಿಗೆ ಬೇಕಾದರೂ ಕೊಡಬಹುದು, ತಗೊಳ್ಳೋಕೆ ಮಾತ್ರ ಸಾಮಾನ್ಯವಾಗಿ ಓ ಗುಂಪೇ ಆಗಬೇಕು (ಪಾಸಿಟಿವ್, ನೆಗೆಟಿವ್ ಕಿಡ್ನಿಗೆ ಲೆಕ್ಕಕ್ಕಿಲ್ಲ). ನಮ್ಮನೆಯವರದು, ಅಂದರೆ ಗಂಡನದು, ಬಿ. ಅಮ್ಮನದು ಓ, ಬಟ್ಟೆಬರೆ ಕಟ್ಟಿಕೊಂಡು ಊರಿಂದ ಬಂದೇಬಿಟ್ಟರು, ಆದರೆ ಟೆಸ್ಟ್‌ನಲ್ಲಿ ಸಕ್ಕರೆ ಕಾಯಿಲೆ ಇರುವುದು ಗೊತ್ತಾಯಿತು. ಉಳಿದವನು ತಮ್ಮ. ಫೋನ್ ಮಾಡಿ ನೇರವಾಗಿ ಕೇಳಿಬಿಟ್ಟೆ. ಒಂದೇ ನಿಮಿಷಕ್ಕೆ "ಹೂಂ ಕಣಕ್ಕ" ಅಂದ. ಆಮೇಲೆ ಎರಡು ತಿಂಗಳು ಅವನ ಫೋನಿಲ್ಲ, ದೀಪಾವಳಿಗೂ ಬರಲಿಲ್ಲ. ಅವನಿಗೆ ಎರಡು ಸಣ್ಣ ಮಕ್ಕಳು, ಹೆಂಡತಿಗೆ ಭಯ. ಅಕ್ಕನ ಮುಖಕ್ಕೆ ಹೊಡೆದ ಹಾಗೆ ಇಲ್ಲ ಅನ್ನೋಕೆ ಯಾವ ತಮ್ಮನಿಗೆ ತಾನೇ ಆಗುತ್ತೆ? ಹೂಂ ಅನ್ನದೆ ಅವನಿಗೆ ಬೇರೆ ದಾರಿಯನ್ನೇ ನಾನು ಬಿಟ್ಟಿರಲಿಲ್ಲ.

ಅದಕ್ಕೇ ಹೇಳುವುದು, ಒಬ್ಬೊಬ್ಬರನ್ನೇ ಹಿಡಿದು ಕೇಳಬೇಡಿ. ವಿಷಯ ಹೇಳಿ ಸುಮ್ಮನಾಗಿ. ಹೇಳುವುದೂ ನೀವಲ್ಲ, ಹೆಂಡತಿಯೋ ಗೆಳೆಯರೋ ಹೇಳಲಿ. ಆಸ್ಪತ್ರೆಯಲ್ಲಿ ಕೊಡುವವರ ಜೊತೆ ಡಾಕ್ಟರು ಬೇರೆಯಾಗಿ ಮಾತಾಡುತ್ತಾರೆ. ಮನಸ್ಸಿಲ್ಲ ಅಂತ ಅಲ್ಲಿ ಹೇಳಿದರೆ ನಮಗೆ "ಇವರದು ಆಗಲ್ಲ" ಅಂತಷ್ಟೇ ತಿಳಿಸುತ್ತಾರೆ, ಕಾರಣ ಹೇಳುವುದಿಲ್ಲ. ಇದು ಎಲ್ಲರ ಕಿವಿಗೂ ಮೊದಲೇ ಬಿದ್ದಿರಲಿ.

ಎರಡನೇ ಸಲ ನಮ್ಮನೆಯವರು ಹಾಗೇ ಮಾಡಿದರು. ಒಂದು ಭಾನುವಾರ ಎಲ್ಲರನ್ನೂ ಊಟಕ್ಕೆ ಕರೆದು, ಇರೋದು ಇಷ್ಟು, ಇವತ್ತು ಯಾರೂ ಉತ್ತರ ಕೊಡಬೇಡಿ ಅಂದರು. ಮೂರು ದಿನ ಬಿಟ್ಟು ಅವರೆಕಾಯಿ ಸುಲಿಯುತ್ತಾ ಕೂತಿದ್ದ ನಮ್ಮ ಅತ್ತೆ (ಗಂಡನ ಅಮ್ಮ), ತಲೆ ಎತ್ತದೆ, "ನಂದೂ ಓ ಅಲ್ವಾ, ಹೆರಿಗೆ ಚೀಟೀಲಿ ಬರ್ದಿತ್ತು" ಅಂದರು. 56 ವರ್ಷ. ನಮ್ಮಿಬ್ಬರಿಗೆ ಅಷ್ಟಕ್ಕಷ್ಟೇ ಅಂತ ಬೀದಿಗೆಲ್ಲ ಗೊತ್ತಿತ್ತು.

ಇಲ್ಲೊಂದು ತೊಡಕಿದೆ. ಕಾನೂನಿನಲ್ಲಿ ಹತ್ತಿರದ ಸಂಬಂಧಿ ಅಂದರೆ ಗಂಡ ಹೆಂಡತಿ, ಅಪ್ಪ ಅಮ್ಮ, ಮಕ್ಕಳು, ಒಡಹುಟ್ಟಿದವರು, ಅಜ್ಜ ಅಜ್ಜಿ, ಮೊಮ್ಮಕ್ಕಳು. ಅತ್ತೆ ಅದರಲ್ಲಿ ಬರುವುದಿಲ್ಲ, ಚಿಕ್ಕಪ್ಪ, ಭಾವ, ಸ್ನೇಹಿತರೂ ಬರುವುದಿಲ್ಲ. ಅವರು ಕೊಡಬಹುದು, ಆದರೆ ಅನುಮತಿ ಸಮಿತಿ ಒಪ್ಪಬೇಕು. ಇಬ್ಬರದೂ ಮೂರು ವರ್ಷದ ಆದಾಯದ ಲೆಕ್ಕ, ರೇಷನ್ ಕಾರ್ಡ್, ಅತ್ತೆ ನನ್ನ ಪಕ್ಕ ನಿಂತಿರುವ ಮದುವೆ ಫೋಟೋ ಎಲ್ಲ ಕೊಟ್ಟೆವು. ವಿಡಿಯೋ ಓಡುತ್ತಿರುವಾಗ ಸಮಿತಿಯವರು "ಯಾರಾದ್ರೂ ದುಡ್ಡು ಕೊಟ್ರಾ ಅಮ್ಮಾ?" ಅಂತ ಕೇಳಿದರು. "ನಂಗ್ಯಾರು ಕೊಡ್ತಾರೆ ಸಾರ್, ಇವಳ ಔಷಧಿಗೆ ನನ್ನ ಬಳೆನೇ ಅಡ ಇಟ್ಟಿದೀವಿ" ಅಂದರು ಅತ್ತೆ. ಅನುಮತಿ ಸಿಕ್ಕಿತು.

ಆಪರೇಷನ್ ಆಗಿ ಐದನೇ ದಿನ ಅವರು ಮನೆಗೆ ಬಂದರು. ಒಂದೂವರೆ ತಿಂಗಳು ಕೊಡ ಎತ್ತುವಂತಿರಲಿಲ್ಲ, ಈಗ ಉಳಿದ ಕಿಡ್ನಿ ಹೇಗಿದೆ ಅಂತ ತಿಳಿಯೋಕೆ ವರ್ಷಕ್ಕೊಮ್ಮೆ ಬಿಪಿ, ಮೂತ್ರ, ರಕ್ತದ ಕ್ರಿಯಾಟಿನಿನ್ ನೋಡಿಸುತ್ತಾರೆ. ನಾನು ಬೆಳಿಗ್ಗೆ ಒಂಬತ್ತಕ್ಕೆ, ರಾತ್ರಿ ಒಂಬತ್ತಕ್ಕೆ ಮಾತ್ರೆ, ಬದುಕಿರುವ ತನಕ.

ಗುಂಪು ಹೊಂದದ ಹೆಂಡತಿಯೋ ಅಣ್ಣನೋ ಇದ್ದರೆ ಅವರನ್ನೂ ಲೆಕ್ಕದಿಂದ ಬಿಡಬೇಡಿ. ನಿಮ್ಮ ಹಾಗೇ ಇರುವ ಇನ್ನೊಂದು ಮನೆಯವರ ಜೊತೆ ಅದಲು ಬದಲು ಮಾಡಿಕೊಳ್ಳಲು ಅಂಗಾಂಗ ಕಸಿ ಕಾನೂನಿನ 2011ರ ತಿದ್ದುಪಡಿಯಿಂದ ಅವಕಾಶವಿದೆ, ಆದರೆ ಹತ್ತಿರದ ಸಂಬಂಧಿಗಳಿಗೆ ಮಾತ್ರ. ಬೇರೆ ಗುಂಪಿನದನ್ನೇ ಹಾಕುವುದೂ ಉಂಟು, ಖರ್ಚು ಜಾಸ್ತಿ. ಜೊತೆಜೊತೆಗೇ ನಿಮ್ಮ ಆಸ್ಪತ್ರೆಯ ಮೂಲಕ ಜೀವಸಾರ್ಥಕತೆಯಲ್ಲಿ (ಕರ್ನಾಟಕದ ಸರ್ಕಾರಿ ಅಂಗದಾನ ಸಂಸ್ಥೆ) ಹೆಸರು ಬರೆಸಿ, ಮೆದುಳು ನಿಷ್ಕ್ರಿಯರಾದವರ ಕಿಡ್ನಿಗೆ ಸರದಿ ಅಲ್ಲಿಂದಲೇ. ಇನ್ನೊಂದು, ರಕ್ತ ಕಡಿಮೆ ಇದೆ ಅಂತ ರಕ್ತದ ಬಾಟಲಿ ಹಾಕಿಸುವ ಮೊದಲು ರಕ್ತ ಹೆಚ್ಚಿಸುವ ಇಂಜೆಕ್ಷನ್‌ನಲ್ಲೇ ಆಗುತ್ತಾ ಅಂತ ಡಾಕ್ಟರನ್ನು ಕೇಳಿ. ಬೇರೆಯವರ ರಕ್ತ ಏರಿಸಿದರೆ ಆಮೇಲೆ ಕ್ರಾಸ್‌ಮ್ಯಾಚ್ (ಕೊಡುವವರದು ನಮಗೆ ಹೊಂದುತ್ತಾ ಅಂತ ನೋಡುವ ರಕ್ತದ ಟೆಸ್ಟ್) ಕೈಕೊಡುವ ಸಾಧ್ಯತೆ ಹೆಚ್ಚುತ್ತದೆ.

ಆಪರೇಷನ್ ದಿನ ತಮ್ಮ ಬಂದಿದ್ದ. ಬಾಗಿಲ ಹತ್ತಿರವೇ ನಿಂತಿದ್ದ, ನಾನೇ ಕರೆದು ಕೂರಿಸಿಕೊಂಡೆ.

ನಿಮ್ಮ ಗುಂಪು ಯಾವುದು, ಮನೆಯಲ್ಲಿ ಯಾರ್ಯಾರಿದ್ದಾರೆ ಅಂತ ಬರೆಯಿರಿ. ಸಮಿತಿಗೆ ಕೊಟ್ಟ ಕಾಗದಗಳ ಪಟ್ಟಿ ಇನ್ನೂ ನನ್ನ ಹತ್ತಿರ ಇದೆ, ಕಳಿಸುತ್ತೇನೆ.